ಒಂದೇ ಪ್ರತಿಗೆ ಮುಗಿಯುವ ಪಾಠ

ಬೆಂಗಳೂರಿನಂಥ ಊರುಗಳಲ್ಲಿ ವಾರಾಂತ್ಯದ ಲಿನೋಕಟ್ ಕಾರ್ಯಾಗಾರಗಳು ಈಗ ಅಪರೂಪವಲ್ಲ. ಎಂಟು ಹತ್ತು ಜನ, ಉದ್ದನೆಯ ಒಂದು ಮೇಜು, ತಲೆಗೊಂದು ಲಿನೋ ತುಂಡು, ಉಳಿಗಳ ಸೆಟ್ಟು, ಮೂರು ನಾಲ್ಕು ಗಂಟೆಯ ಅವಧಿ. ಕೊನೆಗೆ ಪ್ರತಿಯೊಬ್ಬರೂ ತಾವೇ ಕೆತ್ತಿದ ಎಲೆಯನ್ನೋ ಬೆಕ್ಕನ್ನೋ ಕಾಗದದ ಮೇಲೆ ಕಂಡು ಖುಷಿಯಿಂದ ಮನೆಗೆ ಹೋಗುತ್ತಾರೆ. ಆ ಖುಷಿಯ ಬಗ್ಗೆ ತಕರಾರಿಲ್ಲ. ಚಿತ್ರ ಬರೆಯುವುದು ತಮಗೆ ಒಲಿಯದ ವಿದ್ಯೆ ಎಂದು ಶಾಲೆಯಲ್ಲೇ ಕೈಬಿಟ್ಟವರಿಗೆ ಮತ್ತೆ ಧೈರ್ಯ ತುಂಬುವುದು ಸಣ್ಣ ಕೆಲಸವೇನಲ್ಲ. ತಕರಾರು ಇರುವುದು ಹೊತ್ತಿನ ಹಂಚಿಕೆಯ ಬಗ್ಗೆ. ಇಂಥ ತರಗತಿಯ ಬಹುಪಾಲು ಸಮಯ ಚಿತ್ರ ಇಳಿಸಿಕೊಳ್ಳುವುದಕ್ಕೂ ಕೆತ್ತುವುದಕ್ಕೂ ಹೋಗುತ್ತದೆ. ಅಚ್ಚು ತೆಗೆಯುವುದು ಕೊನೆಯ ಗಡಿಬಿಡಿಯಲ್ಲಿ, ತಲೆಗೆ ಒಂದೆರಡು ಪ್ರತಿಗಳಿಗೆ ಮುಗಿಯುತ್ತದೆ. ಅಚ್ಚಿನ ಕಲೆ ಕಲಿಸುತ್ತೇವೆಂದು ಕರೆದು ಕೆತ್ತನೆ ಕಲಿಸಿ ಕಳಿಸುವ ಈ ಕ್ರಮ ತಿರುಗಬೇಕು ಎಂಬುದು ನನ್ನ ವಾದ.

ಲಿನೋ, ಅಂದರೆ ಲಿನೋಲಿಯಂ, ಹುಟ್ಟಿದ್ದು ನೆಲಹಾಸಾಗಿ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅಗಸೆ ಎಣ್ಣೆಯನ್ನು ಗಾಳಿಯಲ್ಲಿ ಗಟ್ಟಿಯಾಗಿಸಿ, ಅದಕ್ಕೆ ಕಾರ್ಕಿನ ಪುಡಿ ಮತ್ತು ರಾಳ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹಾಸಿ ಇದನ್ನು ಮಾಡಿದ. ಮರಕ್ಕಿರುವಂಥ ಎಳೆ ಇದಕ್ಕಿಲ್ಲ. ಉಳಿಯನ್ನು ಯಾವ ದಿಕ್ಕಿಗೆ ತಳ್ಳಿದರೂ ತಡೆಯಿಲ್ಲದೆ ಹೋಗುತ್ತದೆ; ಚಳಿಗೆ ಬಿರುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಸಾಕು, ಮೆತ್ತಗಾಗುತ್ತದೆ. ಅಂದರೆ ಮರದಚ್ಚಿನಲ್ಲಿ ವರ್ಷಗಟ್ಟಲೆ ಪಳಗಬೇಕಾದ ಕೆತ್ತನೆಯ ಕೈಚಳಕವನ್ನು ಈ ಸಾಮಗ್ರಿ ಅರ್ಧಕ್ಕರ್ಧ ಸುಲಭ ಮಾಡಿಕೊಟ್ಟಿದೆ. ಉಳಿ ಹಿಡಿಯುವ ಬಗೆ, ಇನ್ನೊಂದು ಕೈಯನ್ನು ಸದಾ ಉಳಿಯ ಹಿಂದೆ ಇಟ್ಟುಕೊಳ್ಳುವ ಎಚ್ಚರ, ಇಷ್ಟನ್ನು ಕಾಲು ಗಂಟೆಯಲ್ಲಿ ಹೇಳಿಕೊಡಬಹುದು. ಕಷ್ಟವಿರುವುದು ಅದರ ಮುಂದೆ. ಗಾಜಿನ ಮೇಲೆ ಶಾಯಿಯನ್ನು ಹದಕ್ಕೆ ಹರಡಿದಾಗ ರೋಲರಿನ ಕೆಳಗೆ ಸಣ್ಣಗೆ ಚರಚರ ಸದ್ದು ಬರುತ್ತದೆ. ಶಾಯಿ ಹೆಚ್ಚಾದರೆ ಸದ್ದು ಜೋರಾಗಿ, ಸಣ್ಣ ಗೆರೆಗಳೆಲ್ಲ ತುಂಬಿ ಮುಚ್ಚಿಹೋಗುತ್ತವೆ. ಕಡಿಮೆಯಾದರೆ ಕಪ್ಪು ಇರಬೇಕಾದ ಕಡೆ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆ. ಕಾಗದದ ಬೆನ್ನನ್ನು ಮರದ ಚಮಚದಿಂದ ಎಷ್ಟು ಒತ್ತಿ ಉಜ್ಜಬೇಕು, ಅಂಚಿನಲ್ಲಿ ಎಷ್ಟು, ನಡುವೆ ಎಷ್ಟು, ಇದನ್ನು ಬಾಯಿಂದ ಹೇಳಿ ಕಲಿಸಲಾಗದು. ಕಾವಲಿಯ ಮೊದಲ ದೋಸೆಯಂತೆ ಮೊದಲ ಪ್ರತಿಯೂ ಹೆಚ್ಚಾಗಿ ಕೆಡುತ್ತದೆ, ಕೆತ್ತಿದ ಬ್ಲಾಕು ಶಾಯಿಯನ್ನು ಸರಿಯಾಗಿ ಹಿಡಿಯುವುದೇ ಎರಡು ಮೂರು ಪ್ರತಿಗಳಾದ ಮೇಲೆ. ಆ ಕೆಟ್ಟ ಪ್ರತಿಯನ್ನೇ ಚೌಕಟ್ಟು ಹಾಕಿಸಲು ಕೊಟ್ಟು ಕಳಿಸುವ ಕಾರ್ಯಾಗಾರ, ಕಲಿಕೆ ಶುರುವಾಗಬೇಕಾದ ಕಡೆಗೇ ಪರದೆ ಎಳೆಯುತ್ತಿದೆ.

ಲಿನೋಕಟ್ಟಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಲಂಡನ್ನಿನ ಗ್ರೋವ್‌ನರ್ ಶಾಲೆಯಲ್ಲಿ 1926ರಿಂದ ಇದನ್ನು ಕಲಿಸಿದ ಕ್ಲಾಡ್ ಫ್ಲೈಟ್‌ಗೆ ಈ ಕಲೆ ಯಾರ ಕೈಗೂ ಎಟಕಬೇಕೆಂಬ ಹಟವಿತ್ತು. ಹಳೆ ಕೊಡೆಯ ಕಡ್ಡಿಯನ್ನು ಮಸೆದು ಉಳಿ ಮಾಡಿಕೊಳ್ಳಬಹುದು ಎಂದವನು ಅವನು; ಒಂದು ಪ್ರತಿಯ ಬೆಲೆ ಸಿನಿಮಾ ಟಿಕೆಟ್ಟಿನಷ್ಟೋ ಒಂದು ಗ್ಲಾಸು ಬಿಯರಿನಷ್ಟೋ ಇರಬೇಕೆಂದು ಬಯಸಿದವನು. ಹೊಸಬರಿಗೆ ಕಲಿಸುವವರು ಅವನನ್ನು ಸ್ಮರಿಸುವುದು ನ್ಯಾಯವೇ. ಆದರೆ ಅವನ ಪಾಠ ಮುದ್ರಣದಲ್ಲಿ ಎಳ್ಳಷ್ಟೂ ರಿಯಾಯಿತಿ ಕೊಡುತ್ತಿರಲಿಲ್ಲ. ಕಪ್ಪು ಗೆರೆಯ ಮೂಲ ಬ್ಲಾಕಿನ ಆಸರೆಯೇ ಇಲ್ಲದೆ, ಬಣ್ಣಕ್ಕೊಂದರಂತೆ ಮೂರು ನಾಲ್ಕು ಬ್ಲಾಕುಗಳನ್ನು ತೆಳು ಕಾಗದದ ಮೇಲೆ ಒಂದರ ಮೇಲೊಂದು ಕೂರಿಸಿ ಕೈಯಿಂದಲೇ ಉಜ್ಜಿ ತೆಗೆಯಬೇಕಿತ್ತು. ಅವನ ಬಳಿ ಕಲಿತ ಸಿಬಿಲ್ ಆಂಡ್ರೂಸ್, ಸಿರಿಲ್ ಪವರ್ ಅವರ ಚಿತ್ರಗಳಲ್ಲಿ ನಮ್ಮನ್ನು ಸೆಳೆಯುವ ವೇಗ ಹುಟ್ಟುವುದು ಆ ಬಣ್ಣಗಳು ಒಂದರೊಳಗೊಂದು ಹಾಯುವ ಕಡೆಯಲ್ಲೇ. 1950ರ ದಶಕದಲ್ಲಿ ಫ್ರಾನ್ಸಿನ ವಲೋರಿಸ್ಸಿನಲ್ಲಿ ಪಿಕಾಸೊ ಲಿನೋ ಹಿಡಿದಾಗ ಮುದ್ರಕ ಇದಾಲ್ಗೊ ಅರ್ನೆರಾ ಪಕ್ಕದಲ್ಲಿದ್ದ. ಇವನು ಕೆತ್ತಿ ಕಳಿಸುವುದು, ಅವನು ಪ್ರತಿ ತೆಗೆದು ತಂದುಕೊಡುವುದು, ಅದನ್ನು ನೋಡಿ ಇವನು ಮತ್ತೆ ಕೆತ್ತುವುದು. ಪಿಕಾಸೊನಂಥವನಿಗೂ ಪ್ರತಿ ನೋಡದೆ ಮುಂದಿನ ಗೆರೆ ಗೊತ್ತಾಗುತ್ತಿರಲಿಲ್ಲ. ಇನ್ನು 1937ರಲ್ಲಿ ಶುರುವಾದ ಮೆಕ್ಸಿಕೋದ ಜನತಾ ಮುದ್ರಣ ಕಾರ್ಯಾಗಾರ, ನಮ್ಮ ಕಲಾವಿದ ಚಿತ್ತಪ್ರಸಾದ್ ಇವರೆಲ್ಲ ಲಿನೋವನ್ನು ಆರಿಸಿಕೊಂಡಿದ್ದಕ್ಕೆ ಕಾರಣ, ಕಡಿಮೆ ಖರ್ಚಿನಲ್ಲಿ ಹೆಚ್ಚು ಪ್ರತಿಗಳು. ಕೋಲು ಹಿಡಿದು ನಡೆಯುವ ಗಾಂಧಿಯನ್ನು ನಂದಲಾಲ್ ಬೋಸ್ 1930ರಲ್ಲಿ ಲಿನೋದಲ್ಲಿ ಮೂಡಿಸಿದ್ದನ್ನು ಎಲ್ಲರೂ ಬಲ್ಲರು. ಅಲ್ಲಿ ಒಂದು ಗೆರೆಯೂ ಹೆಚ್ಚಿಲ್ಲ. ಕುಸುರಿಗೆ ಗಂಟೆಗಟ್ಟಲೆ ಕೊಡುವ ತರಗತಿ ಆ ಚಿತ್ರವನ್ನು ಗೋಡೆಗೆ ಹಚ್ಚಿಟ್ಟು, ಅದು ಹೇಳುವುದನ್ನು ಮಾತ್ರ ಕೇಳಿಸಿಕೊಳ್ಳದೆ ಇದ್ದಂತಿದೆ.

ಇದಕ್ಕೆ ಕಲಿಸುವವರ ಉತ್ತರ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮೂರು ಗಂಟೆಯಲ್ಲಿ ಇನ್ನೆಷ್ಟು ಸಾಧ್ಯ? ಶುಲ್ಕ ಕೊಟ್ಟು ಬಂದವರಿಗೆ ಕೈಯಲ್ಲೊಂದು ಚೆಂದದ ಚಿತ್ರ ಬೇಡವೇ? ಬೇಕು. ಆದರೆ ಸಮಯ ಸಾಲದಿರುವುದು ಬ್ಲಾಕು ದೊಡ್ಡದಾಗಿರುವುದರಿಂದ. ಇಸ್ಪೀಟೆಲೆಯಷ್ಟು ಲಿನೋ ಕೊಟ್ಟು, ಸರಳವಾದ ಒಂದು ಆಕಾರವನ್ನು ಒರಟಾಗಿಯೇ ಕೆತ್ತಿಸಿ, ಮೊದಲ ಗಂಟೆಯೊಳಗೆ ಒಂದು ಪ್ರತಿ ತೆಗೆಸಬಹುದು. ಆಗ ಕಾಣುತ್ತದೆ: ತೆಗೆಯಬೇಕಾದ್ದು ಉಳಿದಿದೆ, ಉಳಿಯಬೇಕಾದ್ದು ಹೋಗಿದೆ, ಕನ್ನಡಿಯ ಲೆಕ್ಕ ಮರೆತು ಕೆತ್ತಿದ ಹೆಸರು ಹಿಂದುಮುಂದಾಗಿದೆ. ಮತ್ತೆ ಕೆತ್ತಿ, ಮತ್ತೆ ಶಾಯಿ ಹಚ್ಚಿ, ಐದಾರು ಪ್ರತಿ ತೆಗೆಯುವಷ್ಟರಲ್ಲಿ ಚೆಂದದ ಚಿತ್ರ ತಾನಾಗಿ ಸಿಗುತ್ತದೆ, ಅದು ಹೇಗೆ ಚೆಂದವಾಯಿತೆಂಬ ತಿಳಿವಳಿಕೆಯೂ. ಒಣಗಿಸಲು ಒಂದು ದಾರ, ನಾಲ್ಕು ಕ್ಲಿಪ್ಪು ಸಾಕು. ಲಿನೋ ಬದಲಿಗೆ ರಬ್ಬರಿನಂಥ ಮೆತ್ತನೆ ಹಾಳೆ ಕೊಡುವುದನ್ನು ಕೆಲವರು ಆಕ್ಷೇಪಿಸುತ್ತಾರೆ. ನನಗೆ ಅದು ಅಷ್ಟು ದೊಡ್ಡ ವಿಷಯವೆನಿಸುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಬೇರೊಂದಿದೆ. ಜನ ಬರುವುದೇ ಕೆತ್ತುವ ತನ್ಮಯತೆಗಾಗಿ, ಫೋನು ಬದಿಗಿಟ್ಟು ಎರಡು ಗಂಟೆ ತಲೆಬಾಗಿಸಿ ಕೂರುವುದಕ್ಕಾಗಿ ಎಂಬುದು. ನಿಜ, ಆ ಹಂಬಲಕ್ಕೆ ಬೆಲೆಯಿದೆ. ಹಾಗಿದ್ದರೆ ಅದನ್ನು ಕೆತ್ತನೆಯ ಶಿಬಿರವೆಂದೇ ಕರೆಯಲಿ. ಮುದ್ರಣ ಕಲೆಯ ಹೆಸರಲ್ಲಿ ಕರೆದ ಮೇಲೆ ಅದರ ಸ್ವಭಾವಕ್ಕೆ ನಿಷ್ಠೆ ಬೇಕು, ಮತ್ತು ಸಣ್ಣ ಗುಂಪಿಗೆ ಅದು ಸಾಧ್ಯ. ಮೂವತ್ತು ಜನರ ತರಗತಿಯಲ್ಲಿ ಒಂದು ಗಾಜು, ಎರಡು ರೋಲರಿನ ಮುಂದೆ ಸಾಲು ನಿಂತರೆ ತಲೆಗೊಂದು ಪ್ರತಿಯೇ ಹೆಚ್ಚು. ಎಂಟು ಜನರಿದ್ದಾಗ ಹಾಗಲ್ಲ: ಕಲಿಸುವವರು ಪ್ರತಿಯೊಬ್ಬರ ಶಾಯಿಯ ಹದ ನೋಡಬಹುದು, ಎಂಟು ಕೆಟ್ಟ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಯಾವುದರಲ್ಲಿ ಏನು ತಪ್ಪಿದೆ ಎಂದು ಎಲ್ಲರೆದುರು ಬಿಡಿಸಿ ಹೇಳಬಹುದು. ಇದು ಕಲಾಶಾಲೆಯ ದೊಡ್ಡ ತರಗತಿಗೂ ಸುಲಭಕ್ಕೆ ದಕ್ಕದ ಅನುಕೂಲ. ಅದನ್ನು ಕೈಯಲ್ಲಿಟ್ಟುಕೊಂಡೂ ಬಳಸದಿರುವುದೇ ಈ ಕಾರ್ಯಾಗಾರಗಳ ಮುಖ್ಯ ಕೊರತೆ.

ಸೇರಲು ಹೊರಟವರು ಶುಲ್ಕ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಲಿ: ಎಷ್ಟು ಪ್ರತಿ ತೆಗೆಯಲು ಬಿಡುತ್ತೀರಿ, ಮೊದಲ ಪ್ರತಿ ನೋಡಿದ ಮೇಲೆ ಮತ್ತೆ ಕೆತ್ತಲು ಸಮಯ ಇರುತ್ತದೆಯೇ? ಒಂದೇ ಪ್ರತಿ ಎಂದು ಉತ್ತರ ಬಂದರೆ ಆ ಹಣಕ್ಕೆ ಲಿನೋ, ಒಂದು ರೋಲರು, ಒಂದು ಟ್ಯೂಬ್ ಶಾಯಿ ಕೊಂಡುಕೊಳ್ಳುವುದು ಮೇಲು. ಚಮಚ ಹೇಗೂ ಮನೆಯಲ್ಲಿರುತ್ತದೆ.