ನಕಲು ಯಾವುದು, ಮಾರ್ಗ ಯಾವುದು?

‘ಕವಿರಾಜಮಾರ್ಗ ದಂಡಿಯ ನಕಲು ತಾನೆ? ಅದರ ಮೇಲೆ ಪಿಎಚ್.ಡಿ. ಯಾಕೆ?’ ವಿಚಾರ ಸಂಕಿರಣವೊಂದರಲ್ಲಿ ಈ ಪ್ರಶ್ನೆ ಬಂದಾಗ ನಾನು ತಡವರಿಸಿದ್ದೆ. ಉತ್ತರದ ಸುಳಿವು ಸಿಕ್ಕಿದ್ದು ಪಿಂಗಾಣಿಯಲ್ಲಿ.

ಚಿತ್ತಾಪುರದಲ್ಲಿ ರೈಲು ಹತ್ತಿದರೆ ಮಳಖೇಡ, ಸೇಡಂ ದಾಟಿ ಹೈದರಾಬಾದ್. ಅಲ್ಲಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಜಪಾನಿನ ಪಿಂಗಾಣಿ ಒಂದು ಕಟ್ಟಡದಲ್ಲಿ, ಯುರೋಪಿನದು ಇನ್ನೊಂದರಲ್ಲಿ. ನಡುವಿನ ನಂಟನ್ನು ನಾವೇ ಹುಡುಕಿಕೊಳ್ಳಬೇಕು.

17ನೇ ಶತಮಾನದ ನಡುವೆ ಚೀನಾದಲ್ಲಿ ಮಿಂಗ್ ಆಳ್ವಿಕೆ ಕುಸಿದು ರಫ್ತು ತಗ್ಗಿತು. ಡಚ್ ವ್ಯಾಪಾರಿಗಳು ಜಪಾನಿನ ಅರಿತಾ ಊರಿನ ಕಡೆ ತಿರುಗಿದರು. ಹಾಗೆ ಬಂದ ಕಾಕಿಯೆಮೊನ್ ಶೈಲಿಯ ಪಾತ್ರೆಗಳು ಯುರೋಪನ್ನು ಮರುಳು ಮಾಡಿದವು: ಹಾಲುಬಿಳುಪಿನ ಮೈ, ಒಂದು ಬದಿಗೆ ವಾಲಿದ ಕೊಂಬೆ, ಜೋಡಿ ಲಾವಕ್ಕಿ, ಉಳಿದದ್ದೆಲ್ಲ ಖಾಲಿ. ಸ್ಯಾಕ್ಸನಿಯ ದೊರೆ ಅಗಸ್ಟಸ್ 1710ರಲ್ಲಿ ತೆರೆದ ಮೈಸೆನ್ ಕಾರ್ಖಾನೆ ಇವನ್ನು ಅಚ್ಚುಕಟ್ಟಾಗಿ ಅನುಕರಿಸಿತು. 1730ರ ಸುಮಾರಿಗೆ ಫ್ರೆಂಚ್ ವ್ಯಾಪಾರಿ ಲೆಮೇರ್, ಕಾರ್ಖಾನೆಯ ಅಡ್ಡಕತ್ತಿಗಳ ಗುರುತು ಕಾಣದಂತೆ ಮಾಡಿ, ಇವನ್ನೇ ಅಸಲಿ ಜಪಾನಿ ಮಾಲೆಂದು ಮಾರಹೊರಟ. ನಕಲು ಎಂದರೆ ಇದು: ತಾನು ಇನ್ನೊಂದು ಎಂದು ನಂಬಿಸುವುದು.

ಆದರೆ ಇಂಗ್ಲೆಂಡಿನ ಚೆಲ್ಸಿಯಲ್ಲಿ ತಯಾರಾಗುತ್ತಿದ್ದುದು ಮೆದು ಮೈಯ ಪಿಂಗಾಣಿ. ಅದರ ಹೊಳಪಿನೊಳಕ್ಕೆ ಬಣ್ಣ ಇಳಿದು ಅದೇ ಲಾವಕ್ಕಿ ಬೇರೆಯೇ ಆಗಿ ಕಾಣುತ್ತದೆ. ಮೈಸೆನ್ನಿನವರು ಕೂಡ ಪೂರ್ವದೇಶದ ಹೂಗಳನ್ನು ‘ಇಂಡಿಯಾದ ಹೂ’ ಎಂದು ಕರೆಯುತ್ತ ಬರೆದು, ಕ್ರಮೇಣ ತಮ್ಮ ತೋಟದ ಹೂಗಳಿಗೆ ಬಂದರು.

ಕಾಗಿಣಾ ದಂಡೆಯ ಮಳಖೇಡವೇ ನೃಪತುಂಗನ ಮಾನ್ಯಖೇಟ. ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೂರನೆಯ ಪರಿಚ್ಛೇದದಲ್ಲಿ, ಅರ್ಥಾಲಂಕಾರಗಳನ್ನು ಹೇಳುವಲ್ಲಿ, ದಂಡಿಯ ನೆರಳು ದಟ್ಟವಾಗಿದೆ. ಮುಚ್ಚಿಡಬೇಕಿಲ್ಲ. ಆದರೆ ಅದೇ ಗ್ರಂಥ ಕಾವೇರಿ–ಗೋದಾವರಿಗಳ ನಡುವಿನ ನಾಡನ್ನು ಗುರುತಿಸುತ್ತದೆ. ದಂಡಿಯಲ್ಲಿಲ್ಲದ ಬೆದಂಡೆ, ಚತ್ತಾಣಗಳನ್ನು ಹೇಳುತ್ತದೆ. ಸಂಸ್ಕೃತ–ಕನ್ನಡ ಪದಗಳನ್ನು ಹೇಗೆಂದರೆ ಹಾಗೆ ಸಮಾಸ ಮಾಡಬೇಡಿ ಎಂದು ಎಚ್ಚರಿಸುತ್ತದೆ. ಇದು ತನ್ನ ಮಣ್ಣಿನ ಗುಣ ಬಲ್ಲ ಕುಂಬಾರನ ಎಚ್ಚರ. ಸಂಸ್ಕೃತವೆಂದು ನಂಬಿಸುವ ಆಸೆ ಅದಕ್ಕಿಲ್ಲ.

ಎಲ್ಲಿಂದ ತಂದರು ಎಂಬಲ್ಲಿಗೇ ನಮ್ಮ ತೌಲನಿಕ ವಿಮರ್ಶೆ ಹಲವು ಸಲ ನಿಂತುಬಿಡುತ್ತದೆ. ತಂದದ್ದು ಇಲ್ಲಿನ ಮಣ್ಣಿನಲ್ಲಿ ಏನಾಯಿತು ಎಂಬುದು ಅದರ ಮುಂದಿನ ಪ್ರಶ್ನೆ. ನನ್ನ ಪಿಎಚ್.ಡಿ. ಅದರ ಮೇಲೆ.