ತುಕ್ಕಿನ ಕೆಳಗಿನ ಕಾರು: ಹೊಸ ರಸಿಕರಿಗೊಂದು ಕೈಪಿಡಿ

ಬಣ್ಣ ಹೊಡೆದು, ಬಂಪರಿಗೆ ಮೆರುಗು ಕೊಟ್ಟು ನಿಲ್ಲಿಸಿದ ಹಳೆ ಅಂಬಾಸಿಡರನ್ನು ನೋಡಿ ಸಂತೋಷಪಡಲು ಯಾರ ಪಾಠವೂ ಬೇಕಿಲ್ಲ. ಇಲ್ಲಿ ಹೇಳಹೊರಟಿರುವುದು ಅದಕ್ಕೂ ಹಿಂದಿನ ಕೆಲಸದ ಬಗ್ಗೆ. ಇಪ್ಪತ್ತು ಮೂವತ್ತು ವರ್ಷ ಕೊಟ್ಟಿಗೆಯಲ್ಲೋ ತಂಬಾಕು ಬ್ಯಾರನ್ನಿನ ಮಗ್ಗುಲಲ್ಲೋ ನಿಂತಲ್ಲೇ ನಿಂತು, ತಳವೆಲ್ಲ ತುಕ್ಕು ತಿಂದು, ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಬೆಲೆ ಹೇಳಿ ಹೋದ ಕಾರೊಂದನ್ನು ಮತ್ತೆ ರಸ್ತೆಗೆ ತರುತ್ತಾರಲ್ಲ, ಅದು ಸಣ್ಣ ಕಲೆಯಲ್ಲ. ಅದನ್ನು ಕಲೆಯಾಗಿ ನೋಡುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ಈ ಕೆಲಸದ ಒಳ್ಳೆಯದು ಕೆಟ್ಟದ್ದೆಲ್ಲ ಬಣ್ಣ ಹಚ್ಚುವ ಮೊದಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ರಸಿಕನಾದವನು ಹೋಗಬೇಕಾದದ್ದು ಪ್ರದರ್ಶನದ ದಿನವಲ್ಲ, ಕಾರು ಬರೀ ಕಬ್ಬಿಣವಾಗಿ ಶೆಡ್ಡಿನಲ್ಲಿ ನಿಂತಿರುವ ದಿನ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳ ಕಡೆ ಇದಕ್ಕೆ ಅವಕಾಶವಿದೆ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ಹಾದು ಮಡಿಕೇರಿಗೆ ಏರುವ ರಸ್ತೆಯಲ್ಲಿ ಕಾಫಿ ತೋಟದವರು, ಮರದ ವ್ಯಾಪಾರಿಗಳು, ಆಮೇಲೆ ತಂಬಾಕಿನವರು ಓಡಾಡಿದ್ದಾರೆ. ಮನೆಗೊಂದು ಕಾರು ಅನ್ನುವ ಕಾಲ ಅದಲ್ಲ, ಊರಿಗೊಂದಿದ್ದರೆ ದೊಡ್ಡದು. ಇದ್ದವೆಂದರೆ ಹಿಂದುಸ್ತಾನ್ ಮೋಟರ್ಸ್‌ನ ಅಂಬಾಸಿಡರ್, ಬೊಂಬಾಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 (ಮುಂದೆ ಇದೇ ಪ್ರೀಮಿಯರ್ ಪದ್ಮಿನಿಯಾಯಿತು), ಅಪರೂಪಕ್ಕೆ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಮತ್ತು ಕಾಡಂಚಿನಲ್ಲಿ ಮಹೀಂದ್ರ ಜೀಪು. 1983ರ ಕೊನೆಗೆ ಮಾರುತಿ ಬಂತು. ಹಳೆಯವು ಒಂದೊಂದಾಗಿ ಹಿತ್ತಲು ಸೇರಿದವು. ಯಜಮಾನರು ತೀರಿಕೊಂಡರು, ಮಕ್ಕಳು ಬೆಂಗಳೂರಿಗೆ ಹೋದರು, 'ಅಪ್ಪಾಜಿ ಕಾರು' ಎಂದು ಮಾರಲೂ ಮನಸ್ಸು ಬರಲಿಲ್ಲ, ಓಡಿಸಲೂ ಆಗಲಿಲ್ಲ.

ಮೊದಲ ಪಾಠ: ಎಲ್ಲ ತುಕ್ಕೂ ಒಂದೇ ಅಲ್ಲ. ಕಾರು ಎಲ್ಲಿ ನಿಂತಿತ್ತು ಎನ್ನುವುದನ್ನು ತುಕ್ಕೇ ಹೇಳುತ್ತದೆ. ಎಚ್.ಡಿ.ಕೋಟೆಯ ಕಾಡಿನ ಮಗ್ಗುಲ ತೇವದಲ್ಲಿ ನಿಂತದ್ದು ಮೇಲಿನಿಂದಲೂ ಕೆಳಗಿನಿಂದಲೂ ಸಮನಾಗಿ ಸವೆದಿರುತ್ತದೆ. ಕೆ.ಆರ್.ನಗರದ ನಾಲೆ ಬಯಲಿನಲ್ಲಿ ಮಣ್ಣುನೆಲದ ಮೇಲೆ ಟಾರ್ಪಾಲು ಹೊದಿಸಿ ಬಿಟ್ಟದ್ದರ ಛಾವಣಿ ಚೆನ್ನಾಗಿರುತ್ತದೆ, ತಳ ಮಾತ್ರ ಜರಡಿ. ಏಕೆಂದರೆ ನೆಲದಿಂದೆದ್ದ ತೇವಕ್ಕೆ ಟಾರ್ಪಾಲು ಹೊರದಾರಿ ಬಿಡುವುದಿಲ್ಲ. ದನದ ಕೊಟ್ಟಿಗೆಯಲ್ಲಿ ನಿಂತದ್ದಕ್ಕೆ ಗಂಜಲದ ಆವಿ ತಗಲಿ ಹಿತ್ತಾಳೆ, ತಾಮ್ರದ ಭಾಗಗಳೆಲ್ಲ ಹಸಿರುಗಟ್ಟಿರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಗೊಬ್ಬರದ ಮೂಟೆ. ನಿಂತ ಕಾರಿನ ಹಿಂದಿನ ಸೀಟು, ಡಿಕ್ಕಿ ನಮ್ಮಲ್ಲಿ ಉಗ್ರಾಣವಾಗುವುದು ಸಾಮಾನ್ಯ. ಪೊಟ್ಯಾಷ್ ಎಂದು ನಾವು ಹೊಲಕ್ಕೆ ಹಾಕುವುದು ಕ್ಲೋರೈಡ್ ಉಪ್ಪು. ಮೂಟೆಯಿಂದ ಸೋರಿ ತಗಡಿನ ಮಡಿಕೆಗೆ ಇಳಿದರೆ ಕಡಲತೀರದ ಗಾಳಿ ಮಾಡುವ ಕೆಲಸವನ್ನು ಮಾಡುತ್ತದೆ. ಡಿಕ್ಕಿಯ ನೆಲ ಒಂದು ಮೂಲೆಯಲ್ಲಿ ಮಾತ್ರ ಪುಡಿಪುಡಿಯಾಗಿದ್ದರೆ ಅಲ್ಲಿ ಏನು ಇಟ್ಟಿದ್ದಿರಿ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ.

ತುಕ್ಕಿನ ಸ್ವಭಾವ ಗೊತ್ತಿಲ್ಲದೆ ಮುಂದಿನದು ತಿಳಿಯುವುದಿಲ್ಲ. ಅಲ್ಯೂಮಿನಿಯಂ ಮೇಲೆ ಕಟ್ಟುವ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಪದರಪದರವಾಗಿ ಉದುರಿ ಹೊಸ ಕಬ್ಬಿಣವನ್ನು ಗಾಳಿ, ನೀರಿಗೆ ಒಪ್ಪಿಸುತ್ತಾ ಹೋಗುತ್ತದೆ. ಜೊತೆಗೆ ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಎರಡು ತಗಡು ಕೂಡಿದ ಕಡೆ ತುಕ್ಕು ಹುಟ್ಟಿದರೆ ಬೆಸುಗೆಯನ್ನೇ ಬಿರಿಸುತ್ತದೆ. ಬಣ್ಣದ ಮೇಲೆ ಸಣ್ಣ ಗುಳ್ಳೆ ಎದ್ದಿದ್ದರೆ ಅದು ಮೇಲಿನ ರೋಗವಲ್ಲ. ಒಳಗಿನಿಂದ ತಿನ್ನುತ್ತಾ ಬಂದದ್ದು ಹೊರಗೆ ತಲುಪಿದ ಸುದ್ದಿ ಅದು.

ಕಾರನ್ನು ಹೊರಗೆ ತೆಗೆಯುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಒಳ್ಳೆಯ ಕೆಲಸಗಾರನ ಗುರುತು ಅಲ್ಲೇ ಸಿಗುತ್ತದೆ. ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆಸುವವನು ಅರ್ಧ ಕಾರನ್ನು ಅಲ್ಲೇ ಕಳೆದುಕೊಳ್ಳುತ್ತಾನೆ. ಅಂಬಾಸಿಡರಿಗೂ ಫಿಯೆಟ್ಟಿಗೂ ಜೀಪಿನಂತೆ ಬೇರೆ ಚಾಸಿ ಇಲ್ಲ, ಮೈಕಟ್ಟೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳು ತೊಲೆ ಅದರ ಬೆನ್ನೆಲುಬು. ಕೆಸರು ತುಂಬಿ ನೀರು ಬಸಿಯುವ ತೂತು ಮುಚ್ಚಿ ಹೋದಾಗ ಮೊದಲು ಕೊಳೆಯುವುದೂ ಅದೇ. ಅಲ್ಲಿಗೆ ಜಾಕ್ ಕೊಟ್ಟರೆ ಜಾಕ್ ಒಳಗೆ ಹೋಗುತ್ತದೆಯೇ ಹೊರತು ಕಾರು ಮೇಲೇಳುವುದಿಲ್ಲ. ತಿಳಿದವನು ಹಿಂದೆ ಆ್ಯಕ್ಸಲ್ಲಿಗೆ, ಮುಂದೆ ಸಸ್ಪೆನ್ಷನ್ನಿನ ಗಟ್ಟಿ ಭಾಗಕ್ಕೆ ಜಾಕ್ ಕೊಟ್ಟು, ಕಚ್ಚಿಕೊಂಡ ಬ್ರೇಕ್ ಡ್ರಮ್ಮುಗಳನ್ನು ಬಿಡಿಸಿ, ಚಕ್ರ ಉರುಳುವಂತೆ ಮಾಡಿಕೊಂಡು ನಿಧಾನಕ್ಕೆ ತಳ್ಳಿಸುತ್ತಾನೆ. ಉದುರಿದ ತುಕ್ಕಿನ ಚೂರು, ಇಲಿಗೂಡಿನೊಳಗೆ ಸಿಕ್ಕ ನಟ್ಟು, ಹಳೆಯ ಬೀಡಿಂಗ್ ಎಲ್ಲವನ್ನೂ ಆರಿಸಿ ಚೀಲಕ್ಕೆ ಹಾಕಿ ಹೆಸರು ಬರೆದಿಡುತ್ತಾನೆ. ಕೊಳೆತ ತುಂಡೂ ಅಳತೆಗೆ, ಆಕಾರಕ್ಕೆ ಬೇಕು.

ಎಂಜಿನ್ ವಿಚಾರದಲ್ಲಿ ಎಲ್ಲರಿಗೂ ಆತುರ. ಸ್ಟಾರ್ಟ್ ಆಗುತ್ತದಾ ಅನ್ನುವುದೇ ಮೊದಲ ಪ್ರಶ್ನೆ. ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿರುತ್ತದೆ, ಕ್ಲಚ್ ಪ್ಲೇಟ್ ಹತ್ತಿರದ ಲೋಹವನ್ನು ಕಚ್ಚಿರುತ್ತದೆ, ಟ್ಯಾಂಕಿನ ಪೆಟ್ರೋಲು ಒಣಗಿ ಅಂಟಾಗಿರುತ್ತದೆ. ಎಳೆದು ಸ್ಟಾರ್ಟ್ ಮಾಡಿಸಿದರೆ ರಿಂಗು ಮುರಿದೀತು. ಪ್ಲಗ್ಗು ಬಿಚ್ಚಿ ತೆಳು ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಅಂಬಾಸಿಡರಿನ ಮುಂದಿರುವ ತೂತಿಗೆ ಹ್ಯಾಂಡಲ್ ಹಾಕಿ ಕೈಯಿಂದಲೇ ಒಂದಿಷ್ಟು ಆಚೆ, ಒಂದಿಷ್ಟು ಈಚೆ ಆಡಿಸಬೇಕು. 1489 ಸಿ.ಸಿ.ಯ ಆ ಎಂಜಿನ್‌ ಬಹಳ ಸಹಿಸುತ್ತದೆ, ಬಿಡಿಭಾಗವೂ ಸಿಗುತ್ತದೆ. ಆ ಕಾರು 2014ರವರೆಗೂ ತಯಾರಾಗುತ್ತಿತ್ತಲ್ಲ. ಹಾಗಾಗಿ ಎಂಜಿನ್ ಓಡಿತೆಂದು ನಾನು ಯಾರನ್ನೂ ಅಷ್ಟಾಗಿ ಹೊಗಳುವುದಿಲ್ಲ. ಹೊಗಳಬೇಕಾದ್ದು ತಗಡಿನ ಕೆಲಸವನ್ನು.

ಅದಕ್ಕೇ ಬರೋಣ. ಬಣ್ಣವನ್ನೂ ಹಳೆಯ ಪುಟ್ಟಿಯನ್ನೂ ಕೆರೆದು ತೆಗೆದ ಮೇಲೆ ಕಾರು ತನ್ನ ಇಡೀ ಆಯುಷ್ಯವನ್ನು ತೋರಿಸುತ್ತದೆ. ಎಂದೋ ಗುದ್ದಿದ ಮಡ್‌ಗಾರ್ಡು, ಯಾವುದೋ ಊರಿನ ಟಿಂಕರ್ ಹೊಡೆದ ತೇಪೆ, ಕಾರ್ಖಾನೆಯ ಸ್ಪಾಟ್ ವೆಲ್ಡಿಂಗಿನ ಚುಕ್ಕಿಗಳ ಸಾಲು. ಆ ಸಾಲನ್ನು ಗಮನಿಸಿ. ಒಳ್ಳೆಯ ಕಸುಬುದಾರ ಹೊಸ ತುಂಡು ಹಾಕಿದ ಮೇಲೂ ಅದೇ ಅಂತರದಲ್ಲಿ ಚುಕ್ಕಿ ಇಡುತ್ತಾನೆ.

ಬಾಗಿಲ ಕೆಳಗಿನ ಆ ತೊಲೆ ಕೊಳೆತಿದ್ದರೆ ಕಾರಿನ ನಡು ಕುಸಿದಿರುತ್ತದೆ. ಬಾಗಿಲ ಸಂದನ್ನು ನೋಡಿದರೆ ಗೊತ್ತಾಗುತ್ತದೆ: ಮೇಲೆ ಕಿರಿದು, ಕೆಳಗೆ ಅಗಲ. ಹೀಗಿರುವಾಗ ಕೊಳೆತದ್ದನ್ನು ಕತ್ತರಿಸಿ ತೆಗೆದುಬಿಟ್ಟರೆ ಮೈಕಟ್ಟು ಮತ್ತಷ್ಟು ಬಾಗುತ್ತದೆ. ಅದರ ಮೇಲೆ ಹೊಸದನ್ನು ಬೆಸೆದರೆ ಸೊಟ್ಟವೇ ಶಾಶ್ವತ. ಅದಕ್ಕೆ ಮೊದಲು ಕಾರನ್ನು ಸಮಮಟ್ಟಕ್ಕೆ ತಂದು, ಬಾಗಿಲ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಬಿಗಿ ಮಾಡುತ್ತಾರೆ. ಆಮೇಲೆ ಕತ್ತರಿ. ಒಂದು ಸಲಕ್ಕೆ ಒಂದೇ ಬದಿ, ಆಗಾಗ ಬಾಗಿಲು ತೂಗುಹಾಕಿ ಸಂದು ನೋಡಿ ಮುಂದೆ. ಇದನ್ನು ನೋಡುತ್ತಾ ನಿಂತರೆ ಗಂಟೆ ಹೋದದ್ದು ತಿಳಿಯುವುದಿಲ್ಲ.

ತೂತಿನ ಮೇಲೆ ತಗಡು ಮುಚ್ಚಿ ಸುತ್ತ ಬೆಸೆಯುವುದು ಸುಲಭ, ಅಗ್ಗ. ಆದರೆ ಎರಡು ತಗಡಿನ ನಡುವೆ ತೇವ ಉಳಿದು ಮತ್ತೆ ಕೊಳೆಯುತ್ತದೆ. ಸರಿಯಾದವನು ಗಟ್ಟಿ ಕಬ್ಬಿಣ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತಾನೆ. ಅದೇ ದಪ್ಪದ, ಸುಮಾರು 1 ಮಿ.ಮೀ. ಆಸುಪಾಸಿನ ತಗಡನ್ನು ಕೈಯಲ್ಲೇ ಬಗ್ಗಿಸಿ, ಅಂಚಿಗೆ ಅಂಚು ಕೂಡಿಸಿ, ಒಂದು ಚುಕ್ಕಿ ಇಲ್ಲಿ ಇಟ್ಟರೆ ಮುಂದಿನದನ್ನು ದೂರದಲ್ಲಿ ಇಡುತ್ತಾನೆ. ಶಾಖ ಒಂದೇ ಕಡೆ ಸೇರಿದರೆ ತಗಡು ಅಲೆಯಲೆಯಾಗಿ ತಿರುಚುತ್ತದೆ. ಒಳಗೊಂದು ಡಾಲಿ (ತಗಡಿನ ಹಿಂದೆ ಆನಿಸುವ ಕಬ್ಬಿಣದ ಗಟ್ಟಿ) ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುವಾಗ ಸದ್ದು ಕೇಳಿ. ಡಾಲಿ ಸರಿಯಾಗಿ ಹಿಂದೆ ಇದ್ದರೆ ಸದ್ದು ಗಟ್ಟಿ, ತಪ್ಪಿದರೆ ಪೊಳ್ಳು. ಮೈಸೂರು ಸೀಮೆಯಲ್ಲಿ ಇಂಥ ಕೈಗಳು ಇನ್ನೂ ಇವೆ. 1960ರ ದಶಕದ ಆರಂಭದಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಓಡಿಸುತ್ತಿರುವ ಊರು ಅದು. ಹಳೆಯದನ್ನು ಬಿಚ್ಚಿ ಕಟ್ಟುವ ಮೆಕ್ಯಾನಿಕ್ಕು ಅಲ್ಲಿ ಅಪರೂಪವಲ್ಲ.

ಸಣ್ಣ ಭಾಗಗಳ ತುಕ್ಕು ತೆಗೆಯಲು ಬೇರೆ ದಾರಿಗಳಿವೆ. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಭಾಗವನ್ನು ಮುಳುಗಿಸಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ಅದಕ್ಕೂ ಪಾಸಿಟಿವ್ ತಂತಿಯನ್ನು ಬೇಡದ ಕಬ್ಬಿಣದ ತಗಡಿಗೂ ಕೊಟ್ಟರೆ, ಒಳ್ಳೆಯ ಕಬ್ಬಿಣ ಸವೆಯದೆ ತುಕ್ಕು ಮಾತ್ರ ಸಡಿಲವಾಗುತ್ತದೆ. ತಗಡಿನ ಜಾಗದಲ್ಲಿ ಸ್ಟೀಲ್ ಪಾತ್ರೆಯ ಚೂರು ಮಾತ್ರ ಹಾಕಕೂಡದು, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಇದು ಬಯಲಿನ ಕೆಲಸ, ಬೀಡಿ ಹಚ್ಚುವವರು ದೂರ ಇರಬೇಕು. ಹಿತ್ತಾಳೆಯ ಭಾಗಕ್ಕೆ ನಮ್ಮ ಹುಣಸೆಹಣ್ಣೇ ಸಾಕು.

ಬಣ್ಣ ಹಚ್ಚಿಯಾದ ಮೇಲೆ ನೋಡಲು ಹೋದವರಿಗೂ ಕೆಲವು ಉಪಾಯ ಹೇಳುತ್ತೇನೆ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮಾಲೀಕರ ಒಪ್ಪಿಗೆ ಪಡೆದು ಬಾಗಿಲ ಕೆಳಭಾಗದಲ್ಲಿ ಆಡಿಸಿ. ಪುಟ್ಟಿ ದಪ್ಪಗಿರುವ ಕಡೆ ಅದು ಕಚ್ಚುವುದಿಲ್ಲ. ಕಾರಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಟ್ಯೂಬ್‌ಲೈಟಿನ ಪ್ರತಿಬಿಂಬ ಬಾಗಿಲಿನಿಂದ ಬಾಗಿಲಿಗೆ ಮುರಿಯದೆ ಹರಿಯುತ್ತದೆಯೇ ನೋಡಿ. ಬಾಗಿಲನ್ನು ಎತ್ತದೆ, ದೂಡದೆ, ಎರಡು ಬೆರಳಿನಲ್ಲಿ ಮುಚ್ಚಿ ನೋಡಿ. ಮುಂದಿನ ಮ್ಯಾಟ್ ಎತ್ತಿ ನೆಲ ನೋಡಿ. ಕಣ್ಣಿಗೆ ಬೀಳದ ಜಾಗದಲ್ಲಿ ಎಷ್ಟು ಶ್ರದ್ಧೆ ಇದೆಯೋ ಕೆಲಸಗಾರನೂ ಅಷ್ಟೇ. ಕಾರ್ಖಾನೆಯಿಂದ ಬಂದಾಗ ಇಲ್ಲದಿದ್ದ ಕನ್ನಡಿಯಂಥ ಹೊಳಪು ಈಗ ಇದ್ದರೆ ನನಗೆ ಅದು ಕೊರತೆಯಾಗಿಯೇ ಕಾಣುತ್ತದೆ.

ಎಷ್ಟು ಸರಿಮಾಡಬೇಕು ಎನ್ನುವುದರಲ್ಲಿ ರಸಿಕರ ನಡುವೆ ಜಗಳವಿದೆ, ಇರಬೇಕಾದ್ದೂ ಹೌದು. ಗ್ರಂಥ ಸಂಪಾದನೆ ಮಾಡುವವರು ತಾಳೆಗರಿಯಲ್ಲಿ ಗೆದ್ದಲು ತಿಂದ ಅಕ್ಷರವನ್ನು ತಮ್ಮ ಇಷ್ಟದಂತೆ ತುಂಬುವುದಿಲ್ಲ. ತುಂಬಿದರೂ ಆವರಣದಲ್ಲಿ ಹಾಕಿ, ಇದು ಊಹೆ ಎಂದು ತಿಳಿಸುತ್ತಾರೆ. ಕಾರಿಗೂ ಆ ಶಿಸ್ತು ಬೇಕೆಂದು ನನ್ನ ಹಟ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012–13ರಲ್ಲಿ ರೂಪಿಸಿದ ಟ್ಯುರಿನ್ ಸನ್ನದು ಕೂಡ, ಆದಷ್ಟು ಕಡಿಮೆ ಕೈಹಾಕಿ, ಮಾಡಿದ್ದನ್ನೆಲ್ಲ ಬರೆದಿಡಿ ಎನ್ನುತ್ತದೆ. ಇದರ ತುತ್ತತುದಿಯ ಉದಾಹರಣೆ 1925ರ ಬುಗಾಟ್ಟಿ ಬ್ರೆಸಿಯಾ. 1930ರ ದಶಕದಲ್ಲಿ ಇಟಲಿ, ಸ್ವಿಟ್ಜರ್ಲೆಂಡ್ ಗಡಿಯ ಮಾಜಿಯೋರೆ ಸರೋವರಕ್ಕೆ ತಳ್ಳಿದ ಆ ಕಾರನ್ನು 2009ರಲ್ಲಿ ಮೇಲೆತ್ತಿದರು. ಮರುವರ್ಷ ಪ್ಯಾರಿಸ್ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೋ ದಾಟಿ ಹೋಯಿತು. ಕೊಂಡವರು ಅದನ್ನು ಸರಿಮಾಡಲಿಲ್ಲ, ಸರೋವರ ತಿಂದಷ್ಟು ತಿಂದಂತೆಯೇ ಕ್ಯಾಲಿಫೋರ್ನಿಯಾದ ಸಂಗ್ರಹಾಲಯದಲ್ಲಿ ಇಟ್ಟರು. ಆ ಕಾರಿಗೆ ಅದು ಸರಿ. ನಮ್ಮ ಪಿರಿಯಾಪಟ್ಟಣದ ಕಡೆಯ ಫಿಯೆಟ್ಟಿಗೆ ಆ ರೀತಿ ಬೇಡ, ಈ ಕಾರು ಓಡಬೇಕು. ಆದರೆ ಗಟ್ಟಿಯಾಗಿರುವ ರೆಕ್ಸಿನ್ ಸೀಟನ್ನು, ಯಜಮಾನರ ಕೈ ತಗಲಿ ಸವೆದ ಸ್ಟೀರಿಂಗನ್ನು, ಸ್ಟೀರಿಂಗ್ ಪಕ್ಕದ ಗೇರಿನ ಗುಬಟನ್ನು ಹೊಸದು ಮಾಡುವವರನ್ನು ನಾನು ತಡೆಯಲು ನೋಡುತ್ತೇನೆ.

ಕಾಗದಪತ್ರ ಕೂಡ ಕಾರಿನ ಭಾಗವೇ. ಮೈಸೂರು ರಾಜ್ಯದ ಕಾಲದ, 'ಎಂವೈ' ಎಂದು ಶುರುವಾಗುವ ಸಂಖ್ಯೆಯ ಫಲಕ ಉಳಿದಿದ್ದರೆ ಅದನ್ನು ಬಿಸಾಡಬೇಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಹೆಚ್ಚು ಬದಲಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ಸಂಖ್ಯೆಯಾದರೆ ನಡುವೆ 'ವಿಎ' ಎಂದು ಬರುತ್ತದೆ, ಈಗಾಗಲೇ ನೋಂದಣಿಯಿರುವುದು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಅಂಥದ್ದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಮೂಲರೂಪ ಕಾಯುವುದಕ್ಕೆ ಇದು ಕಾನೂನಿನ ಕಾರಣವೂ ಆಯಿತು.

ಕಣ್ಣು ಪಳಗಿಸಲು ದೂರ ಹೋಗಬೇಕಿಲ್ಲ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳು ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಪಕ್ಕದ 'ಪಯಣ' ಸಂಗ್ರಹಾಲಯದಲ್ಲಿವೆ. ಅಲ್ಲಿ ಅರ್ಧ ದಿನ ಕಳೆಯಿರಿ. ಒಂದೇ ಕಾರಿನ ಮುಂದೆ ಸಾಕಷ್ಟು ಹೊತ್ತು ನಿಂತು ಮಡ್‌ಗಾರ್ಡಿನ ಗೆರೆ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ. ಆಮೇಲೆ ಊರಿನ ಶೆಡ್ಡಿಗೆ ಬನ್ನಿ. ಅಲ್ಲಿ ಮುಗಿದ ಕಾರೊಂದು ಮೆಚ್ಚಿಗೆಯಾದರೆ ತೀರ್ಪು ಆಗಲೇ ಕೊಡಬೇಡಿ. ಒಂದು ಮಳೆಗಾಲ ಕಳೆಯಲಿ. ಹೋಗಿ ಬಾಗಿಲ ಕೆಳಗಿನ ತೂತುಗಳಿಗೆ ಕಡ್ಡಿ ಹಾಕಿ ತೆರೆದಿವೆಯೇ ನೋಡಿ, ಮ್ಯಾಟ್ ಎತ್ತಿ ತೇವ ಇದೆಯೇ ಮುಟ್ಟಿ ನೋಡಿ, ಚಕ್ರದ ಕಮಾನಿನ ಅಂಚಿನಲ್ಲಿ ಬೆರಳಾಡಿಸಿ ಗುಳ್ಳೆ ಎದ್ದಿದೆಯೇ ಹುಡುಕಿ. ದೋಷ ಯಾವುದೂ ಸಿಗದಿದ್ದರೆ ತಗಡು ತಟ್ಟಿದವರು ಯಾರೆಂದು ವಿಚಾರಿಸಿ, ಅವರ ಮುಂದಿನ ಕೆಲಸ ಬಣ್ಣಕ್ಕೆ ಹೋಗುವ ಮೊದಲು ನಿಮಗೊಂದು ಮಾತು ತಿಳಿಸಲು ಹೇಳಿ ಬನ್ನಿ.