ಲೆಸ್ಲಿ ನ್ಯೂಬಿಗಿನ್ನರ ಐಕ್ಯವಿಚಾರ: ‘ಸ್ಥಳ’ವೆಂಬ ಮಾತಿನ ವ್ಯಾಪ್ತಿ

ಸ್ಕಾಟ್ಲೆಂಡಿನ ಸಭೆಯ ಬೋಧಕರಾಗಿ 1936ರಲ್ಲಿ ಮದರಾಸು ಪ್ರಾಂತಕ್ಕೆ ಬಂದ ಲೆಸ್ಲಿ ನ್ಯೂಬಿಗಿನ್ (1909–1998) ಸುಧಾರಿತ ಪಂಥದ ದೈವಶಾಸ್ತ್ರಜ್ಞರು. ಬಿಷಪ್ಪರಿಲ್ಲದ ಪರಂಪರೆಯಲ್ಲಿ ಬೆಳೆದವರು. ಅಂಥವರೇ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ಮಧುರೆ–ರಾಮನಾಡಿನ ಬಿಷಪ್ಪರಾದರು. ಈ ವಿರೋಧಾಭಾಸವನ್ನು ಬಿಡಿಸಿದಲ್ಲಿ ಅವರ ವಿಚಾರದ ತಿರುಳು ದೊರೆಯುತ್ತದೆ.

1948ರಲ್ಲಿ ಪ್ರಕಟವಾದ ‘ದಿ ರಿಯೂನಿಯನ್ ಆಫ್ ದಿ ಚರ್ಚ್’ ಗ್ರಂಥದಲ್ಲಿ ಅವರು ಹೂಡುವ ವಾದವು ಸರಳವಾದುದು. ಮನುಷ್ಯನು ಸ್ವಂತ ಪುಣ್ಯದಿಂದಲ್ಲ, ಕೃಪೆಯಿಂದ ಉದ್ಧಾರವಾಗುವನೆಂಬುದು ಸುಧಾರಕರ ಮೂಲತತ್ತ್ವ. ಸಭೆಗೂ ಇದೇ ನಿಯಮವು ಸಲ್ಲಬೇಕು. ಹಾಗಾದರೆ ಬಿಷಪ್ಪರ ಅವಿಚ್ಛಿನ್ನ ಪರಂಪರೆಯು ಯಾವ ಸಭೆಗೂ ಹೆಮ್ಮೆಯ ಬಂಡವಾಳವಾಗಲಾರದು. ಐಕ್ಯದ ಕುರುಹಾಗಿ ಸ್ವೀಕರಿಸಲು ಅಡ್ಡಿಯೂ ಇಲ್ಲ. ದಕ್ಷಿಣದಲ್ಲಿ ಹಳೆಯ ಸಭಾಪಾಲಕರಿಗೆ ಮರುದೀಕ್ಷೆಯನ್ನು ವಿಧಿಸದೆ, ಮೂವತ್ತು ವರ್ಷಗಳ ಅವಧಿಯಲ್ಲಿ ಎರಡು ಬಗೆಯ ಸೇವಕರನ್ನೂ ಜೊತೆಗಿರಿಸಿಕೊಂಡುದಕ್ಕೆ ಇದೇ ಆಧಾರ. ಪುಣೆಯನ್ನೊಳಗೊಂಡ ಉತ್ತರ ಭಾರತ ಸಭೆಯು 1970ರ ನವೆಂಬರ್ 29ರಂದು ನಾಗಪುರದಲ್ಲಿ ಬೇರೆ ದಾರಿಯನ್ನು ಹಿಡಿಯಿತು. ಹಸ್ತನಿಕ್ಷೇಪದ ವಿಧಿಯಿಂದ ಸೇವಾಪದವಿಗಳನ್ನು ಆರಂಭದಲ್ಲಿಯೇ ಒಂದುಗೂಡಿಸಿತು. ದಕ್ಷಿಣವು ಕಾಲವನ್ನು ನಂಬಿತು, ಉತ್ತರವು ವಿಧಿಯನ್ನು. ಉತ್ತರದ ಮಾರ್ಗದಲ್ಲಿ ಸಂಶಯಕ್ಕೆ ಎಡೆ ಕಡಿಮೆ. ಆದರೆ ಪರಸ್ಪರ ವಿಶ್ವಾಸದ ಪರೀಕ್ಷೆ ದಕ್ಷಿಣದಲ್ಲಿಯೇ ಹೆಚ್ಚು.

ನ್ಯೂಬಿಗಿನ್ನರ ಪ್ರಭಾವವು ಭಾರತಕ್ಕೆ ಸೀಮಿತವಾಗಲಿಲ್ಲ. 1961ರಲ್ಲಿ ದೆಹಲಿಯಲ್ಲಿ ಸೇರಿದ ಜಾಗತಿಕ ಸಭಾಮಂಡಲಿಯ ಮಹಾಧಿವೇಶನವು, ಒಂದು ಸ್ಥಳದಲ್ಲಿ ದೀಕ್ಷಾಸ್ನಾನ ಪಡೆದವರೆಲ್ಲರೂ ಒಂದೇ ಸಹಬಾಳ್ವೆಯಲ್ಲಿ ಕೂಡಬೇಕೆಂದು ಸಾರಿದ ನಿರೂಪಣೆಯಲ್ಲಿ ಅವರ ಕೈವಾಡ ದೊಡ್ಡದು. ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಸ್ಥಳವೆಂದರೆ ಯಾವುದು? ಧಾರವಾಡದಿಂದಲೋ ಮಂಗಳೂರಿನಿಂದಲೋ ಪುಣೆಗೆ ಬಂದು ನೆಲೆಸಿದವನ ದೇಹವು ಮರಾಠಿಯ ನೆಲದಲ್ಲಿದೆ. ಪ್ರಾರ್ಥನೆಯ ನುಡಿ ಕನ್ನಡದಲ್ಲಿದೆ. ಐಕ್ಯಕ್ಕಾಗಿ ಅವನು ತನ್ನ ನುಡಿಯನ್ನು ಹೊಸ್ತಿಲಿನಾಚೆ ಬಿಟ್ಟು ಬರಬೇಕೆ? ವಚನಪರಂಪರೆಯಲ್ಲಿ ‘ಸ್ಥಲ’ವೆಂಬುದು ಬರಿಯ ನೆಲವಲ್ಲ, ಅಂತರಂಗದ ನಿಲವು ಕೂಡ ಎಂಬುದನ್ನು ಬಲ್ಲ ಕನ್ನಡಿಗನಿಗೆ ಈ ಸಂದೇಹ ಸಹಜವಾದುದು.

ಬಾಸೆಲ್ ಮಿಷನ್ನಿನ ಉದಾಹರಣೆ ಇಲ್ಲಿ ಉಪಯುಕ್ತ. ಲೂಥರನ ಅನುಯಾಯಿಗಳೂ ಸುಧಾರಿತ ಪಂಥದವರೂ ಕೂಡಿ ನಡೆಸಿದ ಈ ಸಂಸ್ಥೆಯು 1834ರಲ್ಲಿ ಮಂಗಳೂರಿಗೆ ಬಂದು, ಪಂಥಭೇದಕ್ಕಿಂತ ಜನರ ನುಡಿಯನ್ನು ಮುಖ್ಯವೆಂದೆಣಿಸಿತು. ಅಲ್ಲಿಂದಲೇ 1894ರ ಕಿಟ್ಟೆಲ್ ಕೋಶವು ಮೂಡಿತು. ನುಡಿಯ ಆದರವು ಐಕ್ಯಕ್ಕೆ ತೊಡಕಾಗಬೇಕಿಲ್ಲವೆಂಬುದಕ್ಕೆ ಇದು ಸಾಕ್ಷಿ.

1977ರ ಪ್ರಬಂಧವೊಂದರಲ್ಲಿ ನ್ಯೂಬಿಗಿನ್ನರು ಸ್ಥಳವೆಂಬ ಮಾತಿನ ಅರ್ಥವನ್ನು ಭೂಪಟದಾಚೆಗೆ, ಜನರ ಸಾಮಾಜಿಕ ಜೀವನದವರೆಗೆ ವಿಸ್ತರಿಸಿದರು. ಆದರೂ ಒಂದು ಬಿಗಿಯನ್ನು ಅವರು ಸಡಿಲಿಸಲಿಲ್ಲ: ಸಭೆಯು ತನಗಾಗಿ ಅಲ್ಲ, ತಾನಿರುವ ಸ್ಥಳಕ್ಕಾಗಿ ಇರತಕ್ಕದ್ದು. ಈ ಬಿಗಿಯೇ ಅವರ ವಿಚಾರದ ಸತ್ತ್ವ. ಬೇರೆ ನುಡಿಯ ಆರಾಧನೆಗೆ ಇದು ಎಡೆಗೊಡುತ್ತದೆ. ನುಡಿಯ ನೆವದಿಂದ ಜಾತಿಯ ಗೋಡೆಯನ್ನು ಕಾಯುವುದಕ್ಕೆ ಎಡೆಗೊಡದು. ತನ್ನ ಮಾತನ್ನು ಉಳಿಸಿಕೊಂಡೂ ನೆರೆಯವನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಬಲ್ಲೆಯಾ ಎಂಬುದೇ ಒರೆಗಲ್ಲು. ಹೊರನಾಡಿನ ಯಾವ ಭಾಷಾಸಮುದಾಯವೂ ಈ ಒರೆಗಲ್ಲಿನಿಂದ ತಪ್ಪಿಸಿಕೊಳ್ಳಲಾರದು.